ಒಡಹುಟ್ಟಿದವರ ಲೆಕ್ಕ

“ನಿಮಗೆ ಎಷ್ಟು ಮಂದಿ ಒಡಹುಟ್ಟಿದವರು?”

ಇದಕ್ಕಿಂತ ಸುಲಭವಾದ ಪ್ರಶ್ನೆ ಇನ್ನೊಂದಿಲ್ಲವೆಂದು ತೋರುತ್ತದೆ. ಶಾಲೆಗೆ ಹೊಸದಾಗಿ ಸೇರಿದ ಹುಡುಗನೂ ಬೆರಳು ಮಡಿಸಿ ಉತ್ತರ ಹೇಳಿಬಿಡುತ್ತಾನೆ. ಆದರೆ ಜನ ಕೊಡುವ ಉತ್ತರವನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. “ನಾವು ಐದು ಜನ” ಎನ್ನುತ್ತಾರೆ ಒಬ್ಬರು. ಆ ಐದರಲ್ಲಿ ಹೇಳುತ್ತಿರುವವರೂ ಸೇರಿದ್ದಾರೆ, ಒಡಹುಟ್ಟಿದವರು ನಾಲ್ವರೇ. “ನನಗೆ ಇಬ್ಬರು ಅಕ್ಕಂದಿರು” ಎನ್ನುತ್ತಾರೆ ಮತ್ತೊಬ್ಬರು. ವಿಚಾರಿಸಿದರೆ ಅವರಲ್ಲಿ ಒಬ್ಬಾಕೆ ದೊಡ್ಡಪ್ಪನ ಮಗಳು. “ನಾನೂ ನನ್ನ ತಮ್ಮನೂ ಇಬ್ಬರೇ” ಎನ್ನುತ್ತಾರೆ ಮೂರನೆಯವರು. ಒಂದು ಗಳಿಗೆ ಕುಳಿತು ಮಾತನಾಡಿದ ಮೇಲೆ, “ನಮ್ಮಿಬ್ಬರ ನಡುವೆ ಒಬ್ಬಳಿದ್ದಳು, ಚೊಚ್ಚಲ ಹೆರಿಗೆಯಲ್ಲಿ ಹೋಗಿಬಿಟ್ಟಳು” ಎಂದು ಮೆಲ್ಲಗೆ ಸೇರಿಸುತ್ತಾರೆ.

ಈ ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಮನೆಮಾತಿಗೆ ಇವೆಲ್ಲ ಸರಿಯಾದ ಉತ್ತರಗಳೇ. ಆದರೆ ಒಂದು ದೇಶದಲ್ಲಿ ಪ್ರಾಯದ ಜನ ಎಷ್ಟು ಮಂದಿ ಸಾಯುತ್ತಾರೆ, ಬಸುರಿ ಬಾಣಂತಿಯರು ಎಷ್ಟು ಮಂದಿ ಸಾಯುತ್ತಾರೆ ಎಂಬುದನ್ನು ಇದೇ ಪ್ರಶ್ನೆಯಿಂದ ಕಂಡುಹಿಡಿಯಬೇಕಾಗಿ ಬಂದರೆ, ಅದೇ ಉತ್ತರಗಳು ಲೆಕ್ಕವನ್ನು ಕೆಡಿಸುತ್ತವೆ. ಹೀಗೆ ಲೆಕ್ಕ ಹಾಕುವ ದೇಶಗಳೂ ಉಂಟೆ? ಉಂಟು, ಆಫ್ರಿಕಾ ಖಂಡದಲ್ಲಿ ಅನೇಕ ಇವೆ. ಆ ಲೆಕ್ಕ ಹೇಗೆ ಹುಟ್ಟಿತು, ಅದು ಎಷ್ಟರಮಟ್ಟಿಗೆ ಪೂರ್ಣ, ಪೂರ್ಣವೋ ಅಪೂರ್ಣವೋ ಎಂಬುದನ್ನು ತಿಳಿಯುವ ಬಗೆ ಯಾವುದು ಎಂಬುದೇ ಇಂದಿನ ಭಾಷಣದ ವಿಷಯ.

ಪ್ರತಿಯೊಂದು ಸಾವೂ ದಫ್ತರಕ್ಕೆ ಸೇರುವ ನಾಡಿನಲ್ಲಿ ಈ ತೊಡಕಿಲ್ಲ. ದಫ್ತರ ತೆರೆದು ಎಣಿಸಿದರಾಯಿತು. ಸಹರಾ ಮರಳುಗಾಡಿನ ದಕ್ಷಿಣಕ್ಕಿರುವ ಬಹುಮಂದಿ ರಾಷ್ಟ್ರಗಳಲ್ಲಿ ಹಳ್ಳಿಗಾಡಿನ ಸಾವುಗಳ ಬಹುಪಾಲು ಯಾವ ದಫ್ತರವನ್ನೂ ಸೇರುವುದಿಲ್ಲ. ಅಲ್ಲಿ ಮನೆ ಮನೆಗೆ ಹೋಗಿ ಕೇಳಬೇಕು. ಯಾರನ್ನು ಕೇಳುವುದು? ಸತ್ತವರೇ ಬಂದು ಹೇಳಲಾರರಷ್ಟೆ. ಮಗು ಸತ್ತಿದ್ದರೆ ತಾಯಿಯನ್ನು ಕೇಳಬಹುದು. ಯಾವ ತಾಯಿಯೂ ಹೆತ್ತ ಮಗುವನ್ನು ಸುಲಭವಾಗಿ ಮರೆಯಲಾರಳು. ಪ್ರಾಯದ ಹೆಂಗಸು ಸತ್ತರೆ? ಅವಳ ತಂದೆತಾಯಿಗಳು ಆ ವೇಳೆಗೆ ಇರುವರೆಂಬ ಭರವಸೆಯಿಲ್ಲ. ಗಂಡ ಮರುಮದುವೆಯಾಗಿ ಬೇರೆ ಮನೆ ಹೂಡಿರಬಹುದು. ಮಕ್ಕಳು ಇನ್ನೂ ಕೂಸುಗಳು. ಅವಳಿದ್ದ ಮನೆಯೇ ಒಡೆದು ಚೆದರಿಹೋಗಿರಬಹುದು. ಹಾಗಾದಾಗ ಉಳಿಯುವ ಸಾಕ್ಷಿಗಳು ಅವಳ ಅಕ್ಕತಂಗಿಯರು, ಅಣ್ಣತಮ್ಮಂದಿರು. ವಯಸ್ಸಿನಲ್ಲಿ ಅವಳಿಗೆ ಸಮೀಪದವರು, ಒಂದೇ ಮನೆಯಲ್ಲಿ ಬೆಳೆದವರು.

ಈ ಸಾಕ್ಷ್ಯವನ್ನು ಗಣಿತಕ್ಕೆ ಒಗ್ಗಿಸಿದವರು ವೆಂಡಿ ಗ್ರಹಾಂ, ವಿಲಿಯಂ ಬ್ರಾಸ್, ರಾಬರ್ಟ್ ಸ್ನೋ ಎಂಬ ಮೂವರು ವಿದ್ವಾಂಸರು. ೧೯೮೭ರಲ್ಲಿ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಎಂಬ ಪುಟ್ಟ ದೇಶದಲ್ಲಿ ಅದರ ಪ್ರಯೋಗ ನಡೆಯಿತು; ೧೯೮೯ರಲ್ಲಿ ಫಲ ಪ್ರಕಟವಾಯಿತು. ಅವರು ಕೇಳಿಸಿದ ಪ್ರಶ್ನೆಗಳು ನಾಲ್ಕೇ ನಾಲ್ಕು. ನಿಮ್ಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರಲ್ಲಿ ಮದುವೆಯ ಪ್ರಾಯಕ್ಕೆ ಬಂದವರು, ಈಗ ಇಲ್ಲದವರೂ ಸೇರಿ, ಎಷ್ಟು ಮಂದಿ? ಅವರಲ್ಲಿ ಈಗ ಬದುಕಿರುವವರು ಎಷ್ಟು ಮಂದಿ? ತೀರಿಕೊಂಡವರು ಎಷ್ಟು ಮಂದಿ? ತೀರಿಕೊಂಡವರಲ್ಲಿ ಬಸುರಿಯಾಗಿದ್ದಾಗ, ಹೆರುವಾಗ, ಇಲ್ಲವೆ ಹೆತ್ತ ಆರು ವಾರಗಳೊಳಗೆ ಹೋದವರು ಎಷ್ಟು ಮಂದಿ?

ಎರಡು ಸಾವಿರಕ್ಕೆ ತುಸು ಮೇಲ್ಪಟ್ಟ ಜನರನ್ನು ಕೇಳಿದುದರಿಂದಲೇ ಒಂದು ಘೋರವಾದ ಸತ್ಯ ಹೊರಬಿತ್ತು. ಆ ಪ್ರದೇಶದಲ್ಲಿ ಹುಟ್ಟಿದ ಹೆಣ್ಣು ಪ್ರಾಯಕ್ಕೆ ಬಂದ ಮೇಲೆ ಬಸುರು ಬಾಣಂತನಗಳ ದೆಸೆಯಿಂದಲೇ ಸಾಯುವ ಸಂಭವ ಸುಮಾರು ಹದಿನೇಳರಲ್ಲಿ ಒಂದು. ಒಂದು ಲಕ್ಷ ಹೆರಿಗೆಗೆ ಲೆಕ್ಕ ಕಟ್ಟಿದರೆ ಸಾವಿರ ತಾಯಂದಿರ ಸಾವು. ಒಬ್ಬರನ್ನು ಕೇಳಿದರೆ ನಾಲ್ಕಾರು ಜನರ ಸುದ್ದಿ ಸಿಗುವುದೇ ಈ ವಿಧಾನದ ಲಾಭ. ಹೆರಿಗೆಯ ಸಾವು ಎಷ್ಟೇ ಘೋರವಾದರೂ ಒಂದು ಊರಿನಲ್ಲಿ ಒಂದು ವರ್ಷಕ್ಕೆ ಕಾಣಸಿಗುವುದು ಅಪರೂಪ. ಮನೆಮನೆಯಲ್ಲಿ ‘ಈ ವರ್ಷ ಯಾರಾದರೂ ಸತ್ತರೆ?’ ಎಂದು ಕೇಳುತ್ತಾ ಹೋದರೆ ಲಕ್ಷಾಂತರ ಮನೆಗಳನ್ನು ತಿರುಗಬೇಕಾಗುತ್ತದೆ.

ಗ್ಯಾಂಬಿಯಾದ ವಿಧಾನದಲ್ಲಿ ಒಂದು ಕೊರತೆಯೂ ಇತ್ತು. ಅದು ಹೇಳುತ್ತಿದ್ದುದು ಸಮೀಕ್ಷೆಗೆ ಸುಮಾರು ಹತ್ತು ಹನ್ನೆರಡು ವರ್ಷ ಹಿಂದಿನ ಸ್ಥಿತಿಯನ್ನು. ಆದುದರಿಂದ ಹಲವು ದೇಶಗಳಲ್ಲಿ ನಡೆಯುವ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳಲ್ಲಿ ಇನ್ನೂ ವಿವರವಾದ ಕ್ರಮ ಬಳಕೆಗೆ ಬಂತು. ಹದಿನೈದರಿಂದ ನಲವತ್ತೊಂಬತ್ತು ವರ್ಷದೊಳಗಿನ ಹೆಂಗಸರನ್ನು ಕುಳ್ಳಿರಿಸಿಕೊಂಡು, ಅವರ ತಾಯಿ ಹೆತ್ತ ಮಕ್ಕಳನ್ನೆಲ್ಲಾ ಹಿರಿಯರಿಂದ ಕಿರಿಯರವರೆಗೆ ಹೆಸರು ಹಿಡಿದು ಬರೆದುಕೊಳ್ಳುತ್ತಾರೆ. ಗಂಡೋ ಹೆಣ್ಣೋ, ಇದ್ದಾರೋ ಇಲ್ಲವೋ, ಇದ್ದರೆ ಈಗ ವಯಸ್ಸೆಷ್ಟು, ಇಲ್ಲದಿದ್ದರೆ ಹೋಗಿ ಎಷ್ಟು ವರ್ಷವಾಯಿತು, ಆಗ ವಯಸ್ಸೆಷ್ಟಾಗಿತ್ತು ಎಂದು ಒಬ್ಬೊಬ್ಬರ ವಿಷಯವಾಗಿಯೂ ಕೇಳುತ್ತಾರೆ. ಇದೊಂದು ಪುಟ್ಟ ವಂಶಾವಳಿಯೇ ಸರಿ. ಇಂಥ ಸಾವಿರಾರು ವಂಶಾವಳಿಗಳನ್ನು ಕೂಡಿಸಿ, ಕಳೆದ ಐದು ಏಳು ವರ್ಷಗಳಲ್ಲಿ ಯಾವ ವಯಸ್ಸಿನವರು ಎಷ್ಟು ಮಂದಿ ಸತ್ತರೆಂದು ಲೆಕ್ಕ ತೆಗೆಯುತ್ತಾರೆ.

ಇಲ್ಲಿಗೆ ಪ್ರಶ್ನೆ ಬರುತ್ತದೆ: ವಂಶಾವಳಿ ಪೂರ್ಣವೆಂದು ನಂಬುವುದು ಹೇಗೆ?

ಮೊದಲು ಒಂದು ವಿಚಿತ್ರವನ್ನು ಗಮನಿಸಬೇಕು. ಒಂದು ಮನೆಯಲ್ಲಿ ನಾಲ್ವರು ಅಕ್ಕತಂಗಿಯರು, ನಾಲ್ವರೂ ಬದುಕಿದ್ದಾರೆ. ಆ ಮನೆಯ ಸುದ್ದಿ ಹೇಳಲು ನಾಲ್ಕು ಬಾಯಿಗಳುಂಟು. ಇನ್ನೊಂದು ಮನೆಯಲ್ಲಿ ನಾಲ್ವರಲ್ಲಿ ಮೂವರು ತೀರಿಹೋಗಿದ್ದಾರೆ. ಆ ಮನೆಯ ದುಃಖವನ್ನು ಹೇಳಲು ಒಂದೇ ಬಾಯಿ. ಮತ್ತೊಂದು ಮನೆಯಲ್ಲಿ ನಾಲ್ವರೂ ಹೋಗಿದ್ದಾರೆ. ಅದರ ಸುದ್ದಿ ಹೇಳುವವರೇ ಇಲ್ಲ. ಸಮೀಕ್ಷೆಯ ಪಾಲಿಗೆ ಆ ಮನೆ ಇದ್ದುದೇ ಸುಳ್ಳು. ಹೀಗೆ ಸಾವು ಹೆಚ್ಚಾದ ಕಡೆ ಸಾಕ್ಷಿ ಕಡಿಮೆ, ಸಾವು ಕಡಿಮೆಯಾದ ಕಡೆ ಸಾಕ್ಷಿ ಹೆಚ್ಚು.

ಆದರೆ ಇದಕ್ಕೆ ಎದುರು ತೂಕವೂ ಒಂದುಂಟು. ಹೇಳುವವಳು ತಾನು ಬದುಕಿದ್ದರೂ ತನ್ನನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಆದುದರಿಂದ ಬದುಕಿರುವವರ ಕಡೆಯೂ ಒಂದು ಕಳೆಯುತ್ತದೆ. ಮನೆ ದೊಡ್ಡದಿರಲಿ, ಚಿಕ್ಕದಿರಲಿ, ಸಾವು ಎಲ್ಲ ಮನೆಗಳ ಮೇಲೂ ಸಮನಾದ ಕೈಯಿಂದ ಬೀಳುತ್ತಿದ್ದರೆ ಈ ಎರಡು ದೋಷಗಳೂ ಒಂದನ್ನೊಂದು ಸರಿತೂಗುತ್ತವೆ ಎಂಬುದನ್ನು ೧೯೯೦ರಲ್ಲಿ ಟ್ರಸೆಲ್ ಮತ್ತು ರೊಡ್ರಿಗಸ್ ಎಂಬವರು ಗಣಿತದಿಂದ ತೋರಿಸಿಕೊಟ್ಟರು. ಸಾವು ಹಾಗೆ ಸಮದೃಷ್ಟಿಯುಳ್ಳದ್ದೆ? ಬಡತನ, ಅಂಟುರೋಗ, ವೈದ್ಯರಿಲ್ಲದ ಊರು, ಇವೆಲ್ಲ ಕೆಲವು ಮನೆಗಳನ್ನೇ ಹುಡುಕಿಕೊಂಡು ಮತ್ತೆ ಮತ್ತೆ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಕಡೆ ತಕ್ಕಡಿ ಸರಿತೂಗುವುದಿಲ್ಲ. ಲೆಕ್ಕ ನಿಜಕ್ಕಿಂತ ಕಡಿಮೆ ಬರುತ್ತದೆ. ಬದುಕಿ ಉಳಿದವರು ಕಡಿಮೆ ಇರುವ ಮನೆಯ ಮಾತಿಗೆ ಹೆಚ್ಚು ತೂಕ ಕೊಟ್ಟು ಇದನ್ನು ತಿದ್ದುವ ಉಪಾಯವನ್ನು ಎಮ್ಯಾನುಯೆಲಾ ಗಾಕಿಡೂ ಮತ್ತು ಗ್ಯಾರಿ ಕಿಂಗ್ ೨೦೦೬ರಲ್ಲಿ ಸೂಚಿಸಿದರು.

ಇದು ಸಾಕ್ಷಿಯೇ ಇಲ್ಲದ ಮನೆಯ ಮಾತಾಯಿತು. ಸಾಕ್ಷಿ ಇದ್ದೂ ಮರೆತರೆ?

ಮರೆವನ್ನು ಅಳೆಯುವುದು ಕಷ್ಟ. ಯಾರು ಏನನ್ನು ಮರೆತರೆಂದು ತಿಳಿಯಬೇಕಾದರೆ ನಿಜ ಸಂಗತಿ ಬೇರೊಂದು ಕಡೆ ಬರೆದಿಟ್ಟಿರಬೇಕು. ಆಫ್ರಿಕಾದ ಸೆನೆಗಾಲ್ ದೇಶದ ಆಗ್ನೇಯ ಮೂಲೆಯಲ್ಲಿ ಬಂದಾಫಸ್ಸಿ ಎಂಬ ಸೀಮೆಯಿದೆ. ೧೯೭೦ರಿಂದ ಅಲ್ಲಿನ ಹಳ್ಳಿಗಳಲ್ಲಿ ಸಂಶೋಧಕರು ವರ್ಷ ವರ್ಷವೂ ಹುಟ್ಟು, ಸಾವು, ಮದುವೆ, ವಲಸೆಗಳನ್ನು ಬರೆದಿಡುತ್ತಾ ಬಂದರು, ವಂಶಾವಳಿಗಳನ್ನೂ ಸಂಗ್ರಹಿಸಿದರು. ಹೀಗೆ ಇಂಥವಳಿಗೆ ಇಂಥವರು ಒಡಹುಟ್ಟಿದವರು, ಅವರಲ್ಲಿ ಇಂಥವರು ಇಂಥ ವರ್ಷ ಸತ್ತರು ಎಂಬುದಕ್ಕೆ ಲಿಖಿತ ಆಧಾರ ದೊರೆಯಿತು. ಸ್ಟೆಫಾನ್ ಹೆಲರಿಂಜರ್ ಮತ್ತು ಅವರ ಸಂಗಡಿಗರು ಅಲ್ಲಿನ ೨೬೮ ಮಂದಿ ಹೆಂಗಸರಿಗೆ ಸಮೀಕ್ಷೆಯ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಈ ದಾಖಲೆಗಳೊಡನೆ ಒಂದೊಂದಾಗಿ ತಾಳೆ ನೋಡಿ, ೨೦೧೪ರಲ್ಲಿ ಫಲವನ್ನು ಪ್ರಕಟಿಸಿದರು.

ಇಲ್ಲದವರನ್ನು ಇದ್ದಾರೆಂದು ಪಟ್ಟಿಗೆ ಸೇರಿಸಿದವರು ವಿರಳ. ಇದ್ದವರನ್ನು ಬಿಟ್ಟವರು ಬಹಳ. ಬದುಕಿದ್ದ ಅಕ್ಕತಂಗಿಯರಲ್ಲಿ ಬಿಟ್ಟುಹೋದವರು ಶೇಕಡಾ ೩.೮. ತೀರಿಕೊಂಡಿದ್ದ ಅಕ್ಕತಂಗಿಯರಲ್ಲಿ ಬಿಟ್ಟುಹೋದವರು ಶೇಕಡಾ ೯.೧. ಆ ಸೀಮೆಯನ್ನು ಬಿಟ್ಟು ಹೊರಗೆ ಹೋಗಿದ್ದ ಅಕ್ಕತಂಗಿಯರಲ್ಲಿ ಬಿಟ್ಟುಹೋದವರು ಶೇಕಡಾ ೧೬.೬. ಎಂದರೆ, ಸತ್ತವರು ಹನ್ನೊಂದು ಮಂದಿಯಿದ್ದರೆ ಒಬ್ಬರು, ಊರು ಬಿಟ್ಟವರು ಆರು ಮಂದಿಯಿದ್ದರೆ ಒಬ್ಬರು ಪಟ್ಟಿಯಿಂದ ಜಾರಿಹೋದರು.

ಈ ಮೂರು ಅಂಕಿಗಳಲ್ಲಿ ಅಡಗಿರುವ ಪಾಠವನ್ನು ಬಿಡಿಸಿ ನೋಡೋಣ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಮಾತ್ರಕ್ಕೆ ಲೆಕ್ಕ ಕೆಡಬೇಕಾಗಿಲ್ಲ. ಸಾವಿರ ಮಂದಿ ಅಕ್ಕತಂಗಿಯರಲ್ಲಿ ಒಂಬೈನೂರು ಮಂದಿ ಬದುಕಿದ್ದಾರೆ, ನೂರು ಮಂದಿ ಸತ್ತಿದ್ದಾರೆ ಎಂದು ಇಟ್ಟುಕೊಳ್ಳಿ. ಸತ್ತವರ ಪಾಲು ನೂರಕ್ಕೆ ಹತ್ತು. ಬದುಕಿದ್ದವರಲ್ಲಿ ನೂರಕ್ಕೆ ಹತ್ತು, ಸತ್ತವರಲ್ಲಿ ನೂರಕ್ಕೆ ಹತ್ತು ಮರೆತುಹೋದರೆ ಉಳಿಯುವುದು ಎಂಟುನೂರ ಹತ್ತು ಮತ್ತು ತೊಂಬತ್ತು; ಸತ್ತವರ ಪಾಲು ಆಗಲೂ ನೂರಕ್ಕೆ ಹತ್ತೇ. ಮರೆವು ಇಬ್ಬರಿಗೂ ಒಂದೇ ಪ್ರಮಾಣದಲ್ಲಿದ್ದರೆ ಲೆಕ್ಕಕ್ಕೆ ಬಾಧಕವಿಲ್ಲ. ಬಂದಾಫಸ್ಸಿಯ ಪ್ರಮಾಣದಲ್ಲಿ ಮರೆತರೆ ಏನಾಗುತ್ತದೆ? ಬದುಕಿದ್ದವರಲ್ಲಿ ೮೬೬, ಸತ್ತವರಲ್ಲಿ ೯೧ ಉಳಿಯುತ್ತಾರೆ. ಸತ್ತವರ ಪಾಲು ಒಂಬತ್ತೂವರೆಗೆ ಇಳಿಯುತ್ತದೆ. ಮರೆವು ಪಕ್ಷಪಾತ ಮಾಡುತ್ತದೆ, ಮತ್ತು ಆ ಪಕ್ಷಪಾತ ಸತ್ತವರನ್ನು ಅಳಿಸುವ ಕಡೆಗೆ ಇರಬಹುದು ಎಂಬುದೇ ಇಲ್ಲಿನ ಅಪಾಯ.

ಇದರ ಮೇಲೆ ವಯಸ್ಸಿನ ತಪ್ಪೂ ಕೂಡಿಕೊಂಡಿತು. ನಲವತ್ತೈದು ದಾಟಿ ಸತ್ತವರ ವಯಸ್ಸನ್ನು ಜನ ಕಡಿಮೆ ಮಾಡಿ ಹೇಳುತ್ತಿದ್ದರು. ಎಲ್ಲವೂ ಸೇರಿ, ಹದಿನೈದು ವರ್ಷದವರು ಅರವತ್ತು ತುಂಬುವುದರೊಳಗೆ ಸಾಯುವ ಸಂಭವವೆಷ್ಟು ಎಂಬ ಲೆಕ್ಕದಲ್ಲಿ ಶೇಕಡಾ ೨೦ರಷ್ಟು ಕೊರತೆ ಕಂಡುಬಂತು. ಐದು ಸಾವಿನಲ್ಲಿ ಒಂದು ಸಾವು ಕಾಗದದ ಮೇಲೆ ಇಲ್ಲವಾಯಿತು ಎಂದು ಹೇಳಬಹುದು.

ಹೀಗೆ ಮರೆಯುವವರನ್ನು ಕಠಿಣ ಹೃದಯದವರೆಂದು ಭಾವಿಸಬಾರದು. ತಾನು ಹುಟ್ಟುವ ಮುಂಚೆಯೇ ತೀರಿಹೋದ ಅಕ್ಕನ ವಿಷಯ ಒಬ್ಬಾಕೆಗೆ ತಿಳಿಯುವುದು ತಾಯಿ ಹೇಳಿದರೆ ಮಾತ್ರ. ಎಷ್ಟೋ ತಾಯಂದಿರು ಹೇಳುವುದಿಲ್ಲ. ದೂರದೇಶಕ್ಕೆ ಕೊಟ್ಟ ಹೆಣ್ಣುಮಗಳ ಸುದ್ದಿ ಹತ್ತು ಹದಿನೈದು ವರ್ಷ ಬಾರದೆ ಇದ್ದರೆ, ಅವಳು ಇದ್ದಾಳೆಂದು ಹೇಳಲೂ ನಾಲಗೆ ಏಳುವುದಿಲ್ಲ, ಇಲ್ಲವೆಂದು ಹೇಳಲೂ ಏಳುವುದಿಲ್ಲ. ಇನ್ನು ಕೆಲವು ಸಾವುಗಳನ್ನು ಜನ ಬಾಯಿಬಿಟ್ಟು ಆಡುವುದೇ ಇಲ್ಲ. ಮದುವೆಯಾಗದವಳು ಬಸುರಾಗಿ ಸತ್ತರೆ, ಅಪವಾದ ಅಂಟಿದ ಕಾಯಿಲೆಯಿಂದ ಸತ್ತರೆ, ಆ ಹೆಸರನ್ನೇ ಮನೆಯಲ್ಲಿ ಎತ್ತುವಂತಿಲ್ಲ. ಅಂಥ ಸಾವನ್ನೇ ತಡೆಯಬೇಕಾದದ್ದು. ಅದೇ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಭಾಷೆಯ ತೊಡಕನ್ನೂ ಇಲ್ಲಿ ನೆನೆಯಬೇಕು. ಸೆನೆಗಾಲಿನಲ್ಲಿ ಒಬ್ಬ ಗಂಡಸಿಗೆ ಒಬ್ಬರಿಗಿಂತ ಹೆಚ್ಚು ಹೆಂಡಿರಿರುವುದು ಅಪರೂಪವಲ್ಲ. ಒಂದೇ ತಂದೆಯ, ಬೇರೆ ಬೇರೆ ತಾಯಂದಿರ ಮಕ್ಕಳು ಒಂದೇ ಅಂಗಳದಲ್ಲಿ ಬೆಳೆಯುತ್ತಾರೆ. ಸಮೀಕ್ಷೆಗೆ ಬೇಕಾದವರು ಒಂದೇ ತಾಯಿಯ ಮಕ್ಕಳು. ನಮ್ಮ ನುಡಿಯಲ್ಲಿ ಇದಕ್ಕೆ ಎಷ್ಟು ಸರಿಯಾದ ಶಬ್ದಗಳಿವೆ ನೋಡಿ. ‘ಸಹೋದರ’ ಎಂದರೆ ಒಂದೇ ಉದರದವನು. ತಾಯಿಯ ಗರ್ಭವೇ ಆ ಶಬ್ದದ ಒಳಗಿದೆ. ‘ಒಡಹುಟ್ಟು’ ಎಂಬಲ್ಲಿ ‘ಒಡ’ ಎಂದರೆ ಜೊತೆ. ಜೊತೆಯಲ್ಲಿ ಹುಟ್ಟಿದವರು ಎಂದು ಅರ್ಥ. ಆದರೆ ಬಳಕೆಯಲ್ಲಿ ಈ ಅರ್ಥಗಳು ಹಿಗ್ಗಿವೆ. ಚಿಕ್ಕಮ್ಮನ ಮಗಳೂ ತಂಗಿ, ದೊಡ್ಡಪ್ಪನ ಮಗನೂ ಅಣ್ಣ, ನೆರೆಮನೆಯ ಹುಡುಗಿಯೂ ಅಕ್ಕ. ಬಾಂಧವ್ಯ ಹಿಗ್ಗುವುದು ನಮ್ಮ ಸಂಸ್ಕೃತಿಯ ಸೊಗಸು, ಒಪ್ಪಿದೆ. ಲೆಕ್ಕ ಮಾಡುವವರಿಗೆ ಮಾತ್ರ ಮೂಲದ ಅರ್ಥವೇ ಬೇಕು. ಆದುದರಿಂದ “ನಿಮಗೆ ಎಷ್ಟು ಮಂದಿ ಅಕ್ಕತಂಗಿಯರು?” ಎಂದು ಕೇಳುವುದಕ್ಕಿಂತ “ನಿಮ್ಮ ತಾಯಿ ಎಷ್ಟು ಮಕ್ಕಳನ್ನು ಹೆತ್ತರು? ಮೊದಲನೆಯ ಮಗು ಯಾರು? ಆಮೇಲೆ ಯಾರು?” ಎಂದು ಕೇಳುವುದು ಕ್ಷೇಮ.

ಬಂದಾಫಸ್ಸಿಯಂಥ ದಾಖಲೆ ಎಲ್ಲ ಕಡೆಯೂ ಇರುವುದಿಲ್ಲ. ಅದಿಲ್ಲದ ಕಡೆ ಪಟ್ಟಿಯ ಪೂರ್ಣತೆಯನ್ನು ಪರೀಕ್ಷಿಸುವ ಬಗೆ ಯಾವುದು? ಪಟ್ಟಿಯನ್ನೇ ಸಾಕ್ಷಿಕಟ್ಟೆಗೆ ಕರೆಯಬೇಕು.

ಮೊದಲನೆಯ ಪರೀಕ್ಷೆ, ಗಂಡು ಹೆಣ್ಣುಗಳ ಪ್ರಮಾಣ. ಪ್ರಕೃತಿಯಲ್ಲಿ ನೂರು ಹೆಣ್ಣುಮಕ್ಕಳು ಹುಟ್ಟುವಲ್ಲಿ ನೂರಮೂರರಿಂದ ನೂರಾರು ಗಂಡುಮಕ್ಕಳು ಹುಟ್ಟುತ್ತಾರೆ. ಸಾವಿರಾರು ಹೆಂಗಸರು ಹೇಳಿದ ಒಡಹುಟ್ಟಿದವರಲ್ಲಿ ಅಣ್ಣತಮ್ಮಂದಿರ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚಾಗಿದ್ದರೆ, ಅಕ್ಕತಂಗಿಯರು ಬಿಟ್ಟುಹೋಗಿದ್ದಾರೆಂದು ಸಂಶಯಪಡಬೇಕು.

ಎರಡನೆಯ ಪರೀಕ್ಷೆ, ಹಿರಿಯರು ಕಿರಿಯರ ಸಮತೋಲ. ಅಕ್ಕನಿಗೆ ತಂಗಿ ಕಿರಿಯಳಾದರೆ ತಂಗಿಗೆ ಅಕ್ಕ ಹಿರಿಯಳು. ಆದುದರಿಂದ ಎಲ್ಲರ ಉತ್ತರಗಳನ್ನೂ ಕೂಡಿಸಿದಾಗ ಹಿರಿಯರ ಸಂಖ್ಯೆಯೂ ಕಿರಿಯರ ಸಂಖ್ಯೆಯೂ ಹೆಚ್ಚು ಕಡಿಮೆ ಸಮವಾಗಿ, ಒಡಹುಟ್ಟಿದವರ ಜನ್ಮವರ್ಷಗಳ ನಡುವಣ ವರ್ಷವು ಹೇಳಿದವರ ನಡುವಣ ವರ್ಷಕ್ಕೆ ಹತ್ತಿರವಾಗಿರಬೇಕು. ಹಿರಿಯರು ಕಡಿಮೆ ಬಿದ್ದರೆ, ಹೇಳುವವರಿಗೆ ಬುದ್ಧಿ ಬರುವ ಮುಂಚೆಯೇ ಕಾಲವಾದ ಅಕ್ಕಂದಿರು ಅಣ್ಣಂದಿರು ಮರೆತುಹೋಗಿದ್ದಾರೆ ಎಂದು ಊಹಿಸಬಹುದು.

ಮೂರನೆಯದು, ತಾಯಿಯೊಬ್ಬಳಿಗೆ ಎಷ್ಟು ಮಕ್ಕಳು ಎಂಬ ಸರಾಸರಿ. ಹಿಂದಿನ ಕಾಲದ ತಾಯಂದಿರು ಹೆಚ್ಚು ಮಕ್ಕಳನ್ನು ಹೆತ್ತ ದೇಶದಲ್ಲಿ, ನಲವತ್ತೈದು ವರ್ಷದ ಹೆಂಗಸರು ಹೇಳುವ ಒಡಹುಟ್ಟಿದವರ ಸಂಖ್ಯೆ ಇಪ್ಪತ್ತು ವರ್ಷದ ಹುಡುಗಿಯರು ಹೇಳುವುದಕ್ಕಿಂತ ಹೆಚ್ಚಿರಬೇಕು. ತದ್ವಿರುದ್ಧವಾದರೆ ವಯಸ್ಸಿನೊಡನೆ ನೆನಪು ಸವೆದಿದೆ ಎಂದರ್ಥ. ನಾಲ್ಕನೆಯದು ಎಲ್ಲಕ್ಕಿಂತ ಸರಳ: ‘ಗೊತ್ತಿಲ್ಲ’ ಎಂಬ ಉತ್ತರ ಎಷ್ಟು ಕಡೆ ಬಂದಿದೆ ಎಂದು ಎಣಿಸುವುದು.

ಈ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಪಟ್ಟಿ ನಿರ್ದುಷ್ಟವೆಂದು ತಿಳಿಯಬಾರದು. ಸತ್ತ ಗಂಡಸರನ್ನೂ ಸತ್ತ ಹೆಂಗಸರನ್ನೂ ಒಂದೇ ಪ್ರಮಾಣದಲ್ಲಿ ಮರೆತಿದ್ದರೆ ಮೊದಲನೆಯ ಪರೀಕ್ಷೆಗೆ ಅದು ತಿಳಿಯುವುದೇ ಇಲ್ಲ. ಅನುತ್ತೀರ್ಣವಾದರೆ ದೋಷವಿರುವುದು ನಿಶ್ಚಯ. ಉತ್ತೀರ್ಣವಾದರೆ ದೋಷ ಕಾಣಲಿಲ್ಲವೆಂದು ಮಾತ್ರ ಹೇಳಬಹುದು.

ಇವಕ್ಕಿಂತ ಬಲವಾದ ಪರೀಕ್ಷೆ ಇಬ್ಬರು ಸಾಕ್ಷಿಗಳ ಪರೀಕ್ಷೆ. ಇದರ ಹಿಂದೆ ನಮ್ಮ ದೇಶದಲ್ಲಿ ನಡೆದ ಒಂದು ಕೆಲಸವಿದೆ. ಕಲ್ಕತ್ತೆಯ ಹತ್ತಿರದ ಸಿಂಗೂರ್ ಪ್ರದೇಶದಲ್ಲಿ ಹುಟ್ಟುಸಾವುಗಳ ಸರ್ಕಾರಿ ದಫ್ತರ ಒಂದು ಕಡೆ, ಮನೆಮನೆಗೆ ಹೋಗಿ ವಿಚಾರಿಸಿ ಬರೆದ ಪಟ್ಟಿ ಇನ್ನೊಂದು ಕಡೆ ಇದ್ದುವು. ಎರಡೂ ಅಪೂರ್ಣವೇ. ಎರಡು ಅಪೂರ್ಣ ಪಟ್ಟಿಗಳಿಂದ ಪೂರ್ಣ ಸಂಖ್ಯೆಯನ್ನು ಹೇಗೆ ಅಂದಾಜು ಮಾಡಬಹುದು ಎಂಬುದನ್ನು ಸಿ. ಚಂದ್ರಶೇಖರನ್ ಅವರೂ ಅಮೆರಿಕಾದ ಎಡ್ವರ್ಡ್ಸ್ ಡೆಮಿಂಗ್ ಅವರೂ ೧೯೪೯ರಲ್ಲಿ ತೋರಿಸಿದರು. ೧೯೫೧-೫೨ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ನಮ್ಮ ಮೈಸೂರು ಸಂಸ್ಥಾನದಲ್ಲಿ ನಡೆಸಿದ ಪ್ರಸಿದ್ಧ ಜನಸಂಖ್ಯಾ ಅಧ್ಯಯನದಲ್ಲಿಯೂ ಇದೇ ಚಂದ್ರಶೇಖರನ್ ಅವರು ದುಡಿದರು. ಅದರ ವರದಿ ೧೯೬೧ರಲ್ಲಿ ಹೊರಬಂತು.

ಅವರ ತರ್ಕ ಸರಳ. ಒಂದು ಸೀಮೆಯ ಸಾವುಗಳ ವಿಷಯವಾಗಿ ಮೊದಲನೆಯ ಪಟ್ಟಿಯಲ್ಲಿ ೮೦ ಹೆಸರು, ಎರಡನೆಯದರಲ್ಲಿ ೭೫ ಹೆಸರು, ಎರಡರಲ್ಲೂ ಕಾಣುವ ಹೆಸರು ೬೦ ಎಂದುಕೊಳ್ಳೋಣ. ಎರಡನೆಯ ಪಟ್ಟಿಯ ೭೫ರಲ್ಲಿ ೬೦ನ್ನು ಮೊದಲನೆಯದು ಹಿಡಿದಿದೆ. ಆದುದರಿಂದ ಮೊದಲನೆಯ ಪಟ್ಟಿ ನೂರಕ್ಕೆ ಎಂಬತ್ತು ಪೂರ್ಣ. ನೂರಕ್ಕೆ ಎಂಬತ್ತು ಪೂರ್ಣವಾದ ಪಟ್ಟಿಯಲ್ಲಿ ೮೦ ಹೆಸರಿದ್ದರೆ ನಿಜವಾದ ಸಾವು ೧೦೦. ಎರಡು ಪಟ್ಟಿಗಳೂ ಸೇರಿ ಕಂಡದ್ದು ೯೫. ಇಬ್ಬರ ಕಣ್ಣಿಗೂ ಬೀಳದ ಐದು ಸಾವುಗಳನ್ನು ಗಣಿತ ಕಂಡಿತು.

ಒಂದೇ ತಾಯಿಯ ಇಬ್ಬರು ಮಕ್ಕಳನ್ನು ಬೇರೆ ಬೇರೆಯಾಗಿ ಕೇಳಿ, ಅವರ ಪಟ್ಟಿಗಳನ್ನು ತಾಳೆ ನೋಡಿದರೆ ಇದೇ ತರ್ಕವನ್ನು ಒಡಹುಟ್ಟಿದವರ ಲೆಕ್ಕಕ್ಕೂ ಅನ್ವಯಿಸಬಹುದು. ಅಕ್ಕ ಹೇಳಿದ ಹೆಸರನ್ನು ತಂಗಿ ಹೇಳಿದಳೆ, ತಂಗಿ ಹೇಳಿದ್ದನ್ನು ಅಕ್ಕ ಹೇಳಿದಳೆ ಎಂದು ನೋಡುವುದು. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಸಾಕ್ಷಿಗಳಿಬ್ಬರೂ ಒಬ್ಬರ ಹಂಗು ಇನ್ನೊಬ್ಬರಿಗಿಲ್ಲದವರಾಗಿರಬೇಕೆಂಬುದು ಆ ಸೂತ್ರದ ಕರಾರು. ಅಕ್ಕತಂಗಿಯರು ಹಾಗಲ್ಲ. ಯಾವ ಹೆಸರನ್ನು ಆಡಬಾರದೆಂದು ಒಂದೇ ಮನೆಯಲ್ಲಿ ಕಲಿತವರು ಅವರು. ಇಬ್ಬರೂ ಒಂದೇ ಹೆಸರನ್ನು ಬಿಟ್ಟರೆ ಎರಡು ಪಟ್ಟಿಗಳೂ ಚೆನ್ನಾಗಿ ಹೊಂದುತ್ತವೆ, ತಪ್ಪು ಮಾತ್ರ ಹಾಗೆಯೇ ಉಳಿಯುತ್ತದೆ. ಸಾಕ್ಷಿಗಳ ಒಮ್ಮತ ಸತ್ಯಕ್ಕೆ ಯಾವಾಗಲೂ ಗುರುತಲ್ಲ.

ಹಾಗಾದರೆ ಇದಕ್ಕೆ ಪರಿಹಾರವೇನು? ಆಮೇಲೆ ತಿದ್ದುವುದಕ್ಕಿಂತ ಕೇಳುವಾಗಲೇ ಚೆನ್ನಾಗಿ ಕೇಳುವುದು ಲೇಸು. ಸೆನೆಗಾಲಿನ ನಿಯಾಖಾರ್ ಎಂಬ ಇನ್ನೊಂದು ಸೀಮೆಯಲ್ಲಿ, ಅಲ್ಲಿಯೂ ೧೯೬೦ರ ದಶಕದಿಂದ ದಾಖಲೆಗಳುಂಟು, ಹೆಲರಿಂಜರ್ ಅವರ ತಂಡ ಹಳೆಯ ಪ್ರಶ್ನಾವಳಿಯನ್ನೂ ಹೊಸ ಪ್ರಶ್ನಾವಳಿಯನ್ನೂ ಪಕ್ಕಪಕ್ಕದಲ್ಲಿ ಪರೀಕ್ಷಿಸಿತು. ಹೊಸದರಲ್ಲಿ ಪಟ್ಟಿ ಮುಗಿದ ಮೇಲೂ ನೆನಪನ್ನು ಕೆದಕುವ ಪ್ರಶ್ನೆಗಳಿದ್ದುವು. ವರ್ಷಗಳನ್ನು ಗುರುತಿಸಲು, ಊರಿನಲ್ಲಿಯೂ ಮನೆಯಲ್ಲಿಯೂ ನಡೆದ ಸಂಗತಿಗಳನ್ನು ಸಾಲಾಗಿ ಬರೆದ ಪಂಚಾಂಗದಂಥ ಹಾಳೆಯನ್ನು ಬಳಸಿದರು. ಹೊಸ ಪ್ರಶ್ನಾವಳಿಯಿಂದ ಬಂದ ಉತ್ತರಗಳು ದಾಖಲೆಗೆ ಹೆಚ್ಚು ಹತ್ತಿರವಾಗಿದ್ದುವು ಎಂದು ೨೦೧೪ರ ಇನ್ನೊಂದು ಲೇಖನದಲ್ಲಿ ವರದಿಯಾಯಿತು. ನಮ್ಮ ಹಳ್ಳಿಗಳಲ್ಲಿಯೂ ಇಸವಿ ಕೇಳಿದರೆ ತಬ್ಬಿಬ್ಬಾಗುವ ಅಜ್ಜಿ, “ಕೆರೆ ಕೋಡಿ ಬಿದ್ದ ವರ್ಷವೆ?” ಎಂದು ಕೇಳಿದರೆ “ಅದರ ಮುಂದಿನ ವರ್ಷ, ಸುಗ್ಗಿಯಲ್ಲಿ” ಎಂದು ಥಟ್ಟನೆ ಉತ್ತರ ಕೊಡುತ್ತಾಳೆ. ನೆನಪಿಗೆ ಅಂಕಿಗಿಂತ ಘಟನೆಯೇ ಗೂಟ.

ನಮ್ಮ ದೇಶದಲ್ಲಿ ತಾಯಂದಿರ ಸಾವಿನ ಅಧಿಕೃತ ಲೆಕ್ಕ ಒಡಹುಟ್ಟಿದವರ ನೆನಪನ್ನು ನಂಬಿಕೊಂಡಿಲ್ಲ. ೧೯೬೯-೭೦ರಿಂದ ಪೂರ್ಣವಾಗಿ ಜಾರಿಗೆ ಬಂದ ಮಾದರಿ ನೋಂದಣಿ ಪದ್ಧತಿಯಲ್ಲಿ, ಆರಿಸಿದ ಊರುಗಳಲ್ಲಿ ಸ್ಥಳೀಯ ಗಣತಿದಾರರೊಬ್ಬರು ಹುಟ್ಟುಸಾವುಗಳನ್ನು ಆಗಿಂದಾಗ ಬರೆಯುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬೇರೆಯಾಗಿ ಬಂದು ವಿಚಾರಿಸುತ್ತಾರೆ. ಎರಡು ಪಟ್ಟಿಗಳನ್ನೂ ತಾಳೆ ನೋಡಿ, ಹೊಂದದೆ ಇದ್ದುದನ್ನು ಮತ್ತೆ ಊರಿಗೆ ಹೋಗಿ ಪರಿಶೀಲಿಸುತ್ತಾರೆ. ಇಬ್ಬರು ಸಾಕ್ಷಿಗಳ ತತ್ತ್ವವೇ ಇದು. ಈ ಪದ್ಧತಿಯಂತೆ ೨೦೧೮-೨೦ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು ಭಾರತದಲ್ಲಿ ೯೭, ಕರ್ನಾಟಕದಲ್ಲಿ ೬೯. ಗ್ಯಾಂಬಿಯಾದ ಅಂದಿನ ಸಾವಿರದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ ಎಷ್ಟು ದೂರ ಬಂದಿದ್ದೇವೆಂದು ತಿಳಿಯುತ್ತದೆ.

ಆಫ್ರಿಕಾದ ಹಲವು ದೇಶಗಳಿಗೆ ಮಾತ್ರ ಅಕ್ಕತಂಗಿಯರ ನೆನಪೇ ಮುಖ್ಯ ಆಧಾರವಾಗಿ ಉಳಿದಿದೆ. ೨೦೩೦ರೊಳಗೆ ತಾಯಂದಿರ ಸಾವನ್ನು ಪ್ರಪಂಚದ ಒಟ್ಟು ಲೆಕ್ಕದಲ್ಲಿ ಲಕ್ಷಕ್ಕೆ ೭೦ಕ್ಕಿಂತ ಕೆಳಗೆ ಇಳಿಸಬೇಕೆಂದು ವಿಶ್ವಸಂಸ್ಥೆಯ ಗುರಿ. ಇಳಿಯಿತೋ ಇಲ್ಲವೋ ಎಂದು ನೋಡುವ ಕಣ್ಣು ಈ ಸಮೀಕ್ಷೆಗಳು. ೧೯೮೪ರಿಂದ ಇವುಗಳಿಗೆ ಹಣ ಒದಗಿಸುತ್ತಿದ್ದ ಅಮೆರಿಕಾ ಸರ್ಕಾರ ೨೦೨೫ರಲ್ಲಿ ಆ ನೆರವನ್ನು ನಿಲ್ಲಿಸಿತು. ಲೆಕ್ಕವೇ ಇಲ್ಲದ ಕಡೆ ಸಾವು ಕಡಿಮೆಯಾದಂತೆ ಕಾಣುವುದು ಸುಲಭ. ಕಾಗ/ದದ ಮೇಲೆ ಐದರಲ್ಲಿ ಒಂದು ಸಾವು ಅಳಿಸಿಹೋದರೆ, ಆ ಊರಿಗೆ ಹೋಗಬೇಕಾದ ಸೂಲಗಿತ್ತಿಯೂ ವೈದ್ಯರೂ ಔಷಧವೂ ಬೇರೆ ದಾರಿ ಹಿಡಿಯುತ್ತವೆ. ಅಂಕಿಯಲ್ಲಿ ಮರೆತವಳಿಗೆ ತಂಗಿಯೊಬ್ಬಳಿದ್ದಾಳೆ. ಅವಳೂ ನಾಳೆ ಬಸುರಿಯಾಗುವವಳು.

ನಮ್ಮ ಮಟ್ಟಿಗೆ ನಾವು ಮಾಡಬಹುದಾದದ್ದು ಅಲ್ಪವೇ, ಆದರೂ ಉಂಟು. ಮನೆಯಲ್ಲಿ ಸಾವಾದರೆ ಇಪ್ಪತ್ತೊಂದು ದಿನಗಳೊಳಗೆ ನೋಂದಣಿ ಮಾಡಿಸುವುದು ಒಂದು. ಬಾಗಿಲಿಗೆ ಬಂದ ಗಣತಿದಾರರಿಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಿ ಕಳುಹಿಸದೆ, ಜಗಲಿಯಲ್ಲಿ ಕುಳ್ಳಿರಿಸಿ ನೆನಪು ಮಾಡಿಕೊಂಡು ಹೇಳುವುದು ಇನ್ನೊಂದು. ಮೂರನೆಯದನ್ನು ಯಾರೂ ಬಂದು ಕೇಳಬೇಕಾಗಿಲ್ಲ. ಮನೆಯ ಹಿರಿಯರು ಇರುವಾಗಲೇ, ಅವರ ತಾಯಿ ಹೆತ್ತ ಮಕ್ಕಳೆಲ್ಲರ ಹೆಸರನ್ನು, ಉಳಿದವರದನ್ನೂ ಉಳಿಯದವರದನ್ನೂ, ಕ್ರಮವಾಗಿ ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. “ನಮ್ಮ ತಾಯಿಗೆ ಏಳು ಜನ ಮಕ್ಕಳು, ನಾಲ್ವರು ಇದ್ದೇವೆ, ಮೂವರು ಇಲ್ಲ.” ಒಡಹುಟ್ಟಿದವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಪೂರ್ಣವಾದ ಉತ್ತರ ಇದು.